ಯಜಮಾನರ ಹೆಸರಿಗೆ ಒಂದೂಕಾಲು ಇಂಚು

ಒಂದೂಕಾಲು ಇಂಚು ಹೆಚ್ಚು.

ಟೇಪನ್ನು ಮತ್ತೊಮ್ಮೆ ಹಿಡಿದೆ. ಈ ಸಲ ಕೆಳಗಿನಿಂದ ಮೇಲಕ್ಕೆ. ಆಗಲೂ ಅಷ್ಟೇ. ನಾನು ಬರೆದುಕೊಟ್ಟಿದ್ದ ಎತ್ತರ ಹದಿನಾರು ಇಂಚು. ಪೆಟ್ಟಿಗೆ ಇದ್ದದ್ದು ಹದಿನೇಳೂಕಾಲು. ಪಕ್ಕದ ಪೆಟ್ಟಿಗೆಯನ್ನೂ ಅಳೆದೆ. ಅದೂ ಹದಿನೇಳೂಕಾಲು. ಕೈತಪ್ಪಾಗಿದ್ದರೆ ಒಂದರಲ್ಲಿ ಆಗಬೇಕಿತ್ತು. ಎರಡರಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ತಪ್ಪು ಬಂದಿದ್ದರೆ ಅದನ್ನು ತಪ್ಪು ಎನ್ನಲಾಗುವುದಿಲ್ಲ. ಯಾರೋ ಕೂತು ಮಾಡಿದ ತೀರ್ಮಾನ ಅದು.

ಯಾವ ಪೆಟ್ಟಿಗೆ ಅಂತೀರಾ? ಸ್ಪೀಕರ್ ಪೆಟ್ಟಿಗೆ.

ಸಂಬಳ ಕೂಡಿಟ್ಟು ಒಂದು ರೆಕಾರ್ಡ್ ಪ್ಲೇಯರ್ ಕೊಂಡಿದ್ದೆ. ಅದರ ಜೊತೆ ಬಂದ ಪುಟ್ಟ ಸ್ಪೀಕರ್ ಮೂಗಿನಲ್ಲಿ ಹಾಡುತ್ತಿತ್ತು. ಬೆಂಗಳೂರಿನ ಗೆಳತಿಗೆ ಹೇಳಿ ಎಂಟಿಂಚಿನ ಎರಡು ಒಳ್ಳೆಯ ಸ್ಪೀಕರ್ ತರಿಸಿದೆ. ತರಿಸಿದ್ದೇನೋ ಸರಿ, ಅವು ಬಂದದ್ದು ಬರಿಮೈಯಲ್ಲಿ. ಮುಂದೆ ಕಾಗದದ ಬಟ್ಟಲು, ಹಿಂದೆ ಅಯಸ್ಕಾಂತ, ಎರಡು ತಂತಿ. ಪೆಟ್ಟಿಗೆ ನಾವೇ ಮಾಡಿಸಿಕೊಳ್ಳಬೇಕು. ಪೆಟ್ಟಿಗೆ ಅಂದಕ್ಕೆ ಮಾತ್ರ ಇರುವುದಲ್ಲ. ಅದರೊಳಗಿನ ಗಾಳಿಯೂ ಸ್ಪೀಕರಿನ ಜೊತೆ ಹಾಡುತ್ತದೆ. ಗಾಳಿ ಇಷ್ಟೇ ಇರಬೇಕೆಂಬ ಲೆಕ್ಕವಿದೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು. ಲೆಕ್ಕ ಹಾಕಿದೆ.

ಜೊತೆಗೆ ಇನ್ನೊಂದು ಅಳತೆಯೂ ಇತ್ತು. ಚಿತ್ರದುರ್ಗದಲ್ಲಿ ನಾನೂ ಅವ್ವನೂ ಇರುವ ಬಾಡಿಗೆ ಮನೆಯ ನಡುಮನೆಯಲ್ಲಿ, ಬಾಗಿಲಿನ ಆಚೆ ಈಚೆ ಎರಡು ಗೋಡೆಗೂಡುಗಳಿವೆ. ಹಳೆಯ ಕಾಲದ ದಪ್ಪ ಗೋಡೆ. ಪೆಟ್ಟಿಗೆಗಳು ಆ ಗೂಡುಗಳಲ್ಲಿ ಕೂರಬೇಕು. ಗಾಳಿಯ ಲೆಕ್ಕವನ್ನೂ ಗೂಡಿನ ಲೆಕ್ಕವನ್ನೂ ಹೊಂದಿಸಿ, ಕಾಗದದ ಮೇಲೆ ಚಿತ್ರ ಬರೆದು, ಬಡಗಿಯನ್ನು ಹುಡುಕಲು ಹೊರಟೆ.

ಹುಡುಕಿದ್ದು ದೊಡ್ಡ ಕಥೆ. ದುರ್ಗದ ಬಡಗಿ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, “ಇದೇನ್ರಿ ಅಕ್ಕಾರೆ, ಕೋಳಿಗೂಡಾ? ಕೋಳಿ ಹೋಗಾಕೆ ಇಷ್ಟು ದುಂಡನೆ ಬಾಗ್ಲು ಯಾಕೆ?” ಎಂದ. ಇನ್ನೊಬ್ಬ ಚಿತ್ರವನ್ನು ನೋಡಲೇ ಇಲ್ಲ. “ಮನ್ಯಾಗೆ ಗಂಡಸರಿದ್ರೆ ಕಳ್ಸ್ರಿ, ಮಾತಾಡಾಣ” ಎಂದ. ಹಿರಿಯೂರಿನಲ್ಲಿ ಲಾರಿ ಬಾಡಿ ಕಟ್ಟುವವನೊಬ್ಬ ಮಾತ್ರ ಅಕ್ಕರೆಯಿಂದ ಬುದ್ಧಿ ಹೇಳಿದ. “ಪೆಟ್ಟಿಗೆ ಯಾಕೆ ಮೇಡಮ್ಮೋರೆ? ಆ ಟೈಲರ್ ಅಂಗಡಿ ನೋಡ್ರಿ. ಮಡಕೆ ಬಾಯಿಗೆ ಸ್ಪೀಕರ್ ಬೋರಲು ಹಾಕವ್ನೆ. ಹೆಂಗೆ ಗುಂ ಅಂತೈತೆ!”

ಗುಂ ಅನ್ನುತ್ತಿತ್ತು, ನಿಜ. ಆದರೆ ಓದಿದವಳ ಮನೆಯ ಗೂಡಿನಲ್ಲಿ ಮಡಕೆಯೇ? (ಆ ಮಾತನ್ನು ನೆನಪಿಟ್ಟುಕೊಳ್ಳಿ.)

ಕೊನೆಗೆ ಯಾರೋ ಹೇಳಿದರು, ಹೊಸದುರ್ಗದ ಆಚೆ ಬಾಗೂರಿನಲ್ಲಿ ಮೌನೇಶಾಚಾರಿ ಅಂತ ಇದ್ದಾರೆ, ಅವರ ಕೈಗೆ ಸಮ ಇಲ್ಲ ಎಂದು. ಭಾನುವಾರ ಬಸ್ಸು ಹತ್ತಿದೆ.

ಆಚಾರರು ಜಗುಲಿಯ ಮೇಲೆ ಕೂತು ತೊಟ್ಟಿಲಿನ ಕಾಲು ಕೆತ್ತುತ್ತಿದ್ದರು. “ಬರ್ರಿ, ಕುಂತ್ಕಳ್ರಿ” ಎಂದು ಚಾಪೆ ತೋರಿಸಿ ಚಿತ್ರ ಇಸಿದುಕೊಂಡರು. ನಗಲಿಲ್ಲ. ಗಂಡಸರನ್ನು ಕಳಿಸಿ ಅನ್ನಲಿಲ್ಲ.

“ಹಿಂದ್ಲ ಹಲಗೆ ತೆಗ್ಯಾಕೆ ಬರ್ಬೇಕೇನ್ರಿ?”

ಅಷ್ಟು ಊರು ಸುತ್ತಿದ್ದೆ, ಕೇಳಬೇಕಾದ ಪ್ರಶ್ನೆ ಕೇಳಿದವರು ಇವರೊಬ್ಬರೇ. “ಬರಬೇಕು. ಸ್ಕ್ರೂ ಹಾಕಿ ಕೂರಿಸಿ. ಅಳತೆ ಮಾತ್ರ ಒಂದಿಷ್ಟೂ ಬದಲಾಗಬಾರದು” ಎಂದೆ.

“ಅಳತೆ ತಪ್ಪೋ ಕೈ ಅಲ್ಲರಿ ಇದು.”

ಅದು ಸುಳ್ಳಲ್ಲ. ಕೈ ತಪ್ಪಲಿಲ್ಲ.

ಹೇಳಿದ ವಾರಕ್ಕೇ ಪೆಟ್ಟಿಗೆ ಬಂದವು. ಹೊಸದುರ್ಗದ ಬಸ್ಸಿನ ಟಾಪಿನ ಮೇಲೆ ಗೋಣಿಚೀಲ ಸುತ್ತಿ ಆಚಾರರೇ ತಂದರು. ಗೋಣಿ ಬಿಚ್ಚಿದೆ. ತೇಗದ ಹಲಗೆ. ಮೂಲೆಗಳನ್ನು ಹಲ್ಲಿಗೆ ಹಲ್ಲು ಸೇರಿಸಿ ಕೂಡಿಸಿದ್ದರು, ಎಲ್ಲೂ ಮೊಳೆಯ ತಲೆ ಕಾಣದು. ದುಂಡು ತೂತಿನ ಅಂಚನ್ನು ಮಗುವಿನ ತುಟಿಯಂತೆ ನಯಮಾಡಿದ್ದರು. ಎತ್ತಿ ಗೂಡಿನ ಬಳಿ ಹಿಡಿದೆ.

ಹೋಗಲಿಲ್ಲ.

“ಆಚಾರ್ರೇ, ಇದು ಒಂದೂಕಾಲು ಇಂಚು ಹೆಚ್ಚಿದೆ.”

“ಹೆಚ್ಚಾಗಿಲ್ಲರಿ. ನಾನೇ ಏರಿಸಿದೀನಿ.”

“ಯಾಕೆ?”

“ನೀವು ಬರ್ಕೊಟ್ಟ ಅಳತೆಗೆ ಕಾಗೆ ಬರ್ತಿತ್ತು. ಮನ್ಯಾಗೆ ಕಾಗೆ ಇಟ್ಕಂತಾರೇನ್ರಿ ಯಾರಾನ? ಈಗ ನೋಡ್ರಿ, ಯಜಮಾನರ ಹೆಸರಿಗೆ ಸಿಂಹ ಕುಂತೈತೆ.”

ಮನೆ ಕಟ್ಟಿಸಿದವರಿಗೆ ಇದು ಗೊತ್ತಿರುತ್ತದೆ. ಇದನ್ನು ಆಯ ಎನ್ನುತ್ತಾರೆ. ಉದ್ದಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ಏನೆಂದು ನೋಡುವುದು. ಒಂದೊಂದು ಶೇಷಕ್ಕೂ ಒಂದೊಂದು ಹೆಸರು. ಸಿಂಹ ಒಳ್ಳೆಯದು, ಕಾಗೆ ಕೆಟ್ಟದ್ದು. ಬಂದದ್ದು ಯಜಮಾನನ ಹೆಸರಿಗೂ ಹೊಂದಬೇಕು. ಹೊಂದದಿದ್ದರೆ ಅಳತೆಯನ್ನು ಒಂದಿಷ್ಟು ಏರಿಸುತ್ತಾರೆ, ಇಲ್ಲವೇ ಇಳಿಸುತ್ತಾರೆ. ಬಾಗಿಲಿಗೆ ನೋಡುತ್ತಾರೆ, ಮಂಚಕ್ಕೆ ನೋಡುತ್ತಾರೆ. ಸ್ಪೀಕರ್ ಪೆಟ್ಟಿಗೆಗೂ ನೋಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಆದರೆ ನನ್ನ ತಲೆಯಲ್ಲಿ ನಿಂತದ್ದು ಕಾಗೆಯೂ ಅಲ್ಲ, ಸಿಂಹವೂ ಅಲ್ಲ.

“ಯಾವ ಯಜಮಾನರು?” ಎಂದೆ.

ಆಚಾರರು ನಾಚಿಕೊಂಡರು. ಅರವತ್ತು ದಾಟಿದ ಮನುಷ್ಯ, ನನ್ನ ಪರವಾಗಿ ನಾಚಿಕೊಂಡರು. “ನೀವು ಹೇಳಬಾರ್ದು, ನಾನು ನಿಮ್ಮನ್ನ ಕೇಳಬಾರ್ದು. ಹೆಣ್ಮಕ್ಕಳ ಬಾಯಾಗೆ ಆ ಹೆಸರು ಹೇಳ್ಸಾದು ಸರಿಯೇನ್ರಿ? ಅದಕ್ಕೇ ಮರ ತರಾಕೆ ದುರ್ಗಕ್ಕೆ ಬಂದಾಗ ಇಲ್ಲಿಗೆ ಬಂದಿದ್ದೆ. ನೀವು ಕಾಲೇಜಿಗೆ ಹೋಗಿದ್ರಿ. ಅಮ್ಮಾರು ಕಾಫಿ ಕೊಟ್ರು, ಹೆಸರೂ ಕೊಟ್ರು.”

ಆ ಹೆಸರನ್ನು ಹೇಳಿದರು.

ನಾನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಹೇಳದಿರುವುದಕ್ಕೆ ಕಾರಣ ಬೇರೆ. ಆತ ಹೊಳಲ್ಕೆರೆಯ ಎಣ್ಣೆ ಮಿಲ್ಲಿನವರ ಮಗ. ತಾಳ್ಯದ ನನ್ನ ಸೋದರಮಾವ ತಂದ ಸಂಬಂಧ. ದೀಪಾವಳಿ ಆದಮೇಲೆ ನೋಡಲು ಬಂದಿದ್ದರು. ಆತ ನಡುಮನೆಯಲ್ಲಿದ್ದ ರೆಕಾರ್ಡ್ ಪ್ಲೇಯರ್ ನೋಡಿ, “ಇದು ಯಾರ್ದು?” ಎಂದು ಕೇಳಿದ್ದ. ನನ್ನದು ಎಂದೆ. “ನಿಮ್ದಾ?” ಎಂದು ನಕ್ಕ. ಕೆಟ್ಟ ನಗುವೇನಲ್ಲ. ಮಗು ಏನೋ ಜಾಣತನದ ಮಾತಾಡಿದರೆ ನಗುತ್ತೇವಲ್ಲ, ಹಾಗೆ. ಅವರು ಹೋದಮೇಲೆ ಅವ್ವನಿಗೆ ಹೇಳಿದೆ, ನನಗೆ ಬೇಡ ಎಂದು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

“ಈ ಗೂಡಿಗೆ ಹೋಗುತ್ತಿಲ್ಲವಲ್ಲ ಆಚಾರ್ರೇ” ಎಂದೆ.

“ಈ ಗೂಡು ಯಾಕ್ರಿ ಇನ್ನ? ಶಿವರಾತ್ರಿ ಕಳೆದ್ರೆ ವೀಳ್ಯಶಾಸ್ತ್ರ, ಆಮೇಲೆ ಹೊಳಲ್ಕೆರೆ ಮನೆ. ದೊಡ್ಡ ಮನೆ ಅಂತೆ. ಅಲ್ಲಿ ಗೂಡಿಗೇನು ಬರಾನಾ?”

ಅಡುಗೆಮನೆಯಲ್ಲಿ ರುಬ್ಬುವ ಸದ್ದು ನಿಂತಿತು.

ನೋಡಿ, ನನ್ನ ಮದುವೆ ಗೊತ್ತಾಗಿದೆ ಎಂಬುದು ಬಾಗೂರಿನ ಬಡಗಿಗೆ ಗೊತ್ತಿದೆ. ಅವರು ಹತ್ತಿ ಬಂದ ಬಸ್ಸಿನ ಕಂಡಕ್ಟರಿಗೂ ಗೊತ್ತಿದ್ದೀತು. ಗೊತ್ತಿಲ್ಲದೆ ಇದ್ದವಳು ಟೇಪು ಹಿಡಿದುಕೊಂಡು ನಿಂತಿದ್ದಳು.

ಆ ಒಂದೂಕಾಲು ಇಂಚು ಕೊಯ್ದುಕೊಡಿ ಎಂದು ಕೇಳಿದೆ. ಆಚಾರರು ಎರಡು ಹೆಜ್ಜೆ ಹಿಂದೆ ಸರಿದರು. “ಅದೊಂದು ಹೇಳಬ್ಯಾಡ್ರಿ. ಒಬ್ಬರ ಹೆಸರಿಗೆ ಕೂಡಿಸಿದ್ದನ್ನ ಕೊಯ್ದ್ರೆ ಅವ್ರಿಗೆ ಆಗಾಕಿಲ್ಲ.” ಪಾಪ, ಅವರ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. ನನ್ನ ಅಳತೆಯನ್ನು ಏರಿಸುವಾಗ ಯಾರಿಗಾದರೂ ಏನಾದರೂ ಆಗಬಹುದೆಂಬ ಹೆದರಿಕೆ ಅವರಿಗಿರಲಿಲ್ಲ. ಕೂಲಿ ತೆಗೆದುಕೊಂಡು, ನನಗೆ ಒಳ್ಳೆಯದಾಗಲಿ ಎಂದು ಹರಸಿ ಹೋದರು.

ಅವ್ವ ಕೈಯೊರೆಸಿಕೊಂಡು ಬಂದಳು.

“ಅವನು ಯಜಮಾನರ ಹೆಸರು ಕೇಳ್ದ. ಏನಂತ ಹೇಳ್ಲಿ? ನಿಮ್ಮಪ್ಪನ ಹೆಸರು ಹೇಳಾಕಾಗ್ತದಾ? ಹೋದೋರ ಹೆಸರಿಗೆ ಆಯ ಕೂಡ್ಸಲ್ಲ.”

“ನನ್ನ ಹೆಸರು ಹೇಳಬಹುದಿತ್ತಲ್ಲ.”

“ನಿನ್ನ ಹೆಸರಾ?” ಅವ್ವನಿಗೆ ನಿಜಕ್ಕೂ ಆಶ್ಚರ್ಯವಾಯಿತು. ಆ ಆಶ್ಚರ್ಯಕ್ಕೆ ನಾನು ಏನೂ ಮಾಡಲಾರೆ. ರೇಷನ್ ಕಾರ್ಡಿನಲ್ಲಿ ಯಜಮಾನರೆಂದು ಇಂದಿಗೂ ಅಪ್ಪ ಇದ್ದಾರೆ. ಮನೆ ಬಾಡಿಗೆಗೆ ಕೊಡುವಾಗ ಮಾಲೀಕರು ನನ್ನ ಸೋದರಮಾವನ ಜೊತೆ ಮಾತಾಡಿದರು. ತಿಂಗಳು ತಿಂಗಳು ಬಾಡಿಗೆ ಇಸಿದುಕೊಳ್ಳುವುದು ನನ್ನ ಕೈಯಿಂದ. ನನ್ನ ಹೆಸರಿಗೆ ಇರುವುದು ಕಾಲೇಜಿನ ಹಾಜರಿ ಪುಸ್ತಕದ ಒಂದು ಸಾಲು ಮಾತ್ರ.

“ನಾನು ಬೇಡ ಅಂದಿದ್ದೆ ಅವ್ವ.”

“ಅಂದಿದ್ದೆ. ಹಂಗೆ ಮೆಲ್ಲಗೆ ಅಂದ್ರೆ ಯಾರು ಬೇಡ ಅಂತ ತಿಳ್ಕಂತಾರೆ? ಬೇಡ ಅನ್ನೋಳು ಅಳ್ತಾಳೆ, ಊಟ ಬಿಡ್ತಾಳೆ. ನೀನು ಅವತ್ತು ಎರಡು ಮುದ್ದೆ ಉಂಡೆ.”

ಓದುಗರೇ, ಇದು ನನಗೆ ಗೊತ್ತೇ ಇರಲಿಲ್ಲ. ಬೇಡ ಎಂಬ ಮಾತು ಬಾಯಿಂದ ಬಂದರೆ ಸಾಲದು, ಹೊಟ್ಟೆಯೂ ಸಾಕ್ಷಿ ಹೇಳಬೇಕು! ಹೂಂ ಎನ್ನುವುದಕ್ಕೆ ಯಾವ ಸಾಕ್ಷಿಯೂ ಬೇಡ. ಸುಮ್ಮನೆ ಕೂತರೂ ಹೂಂ. ತಲೆ ತಗ್ಗಿಸಿದರೂ ಹೂಂ. ಉಂಡರೂ ಹೂಂ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಜೋರಾಗಿ ಮಾತಾಡಬೇಡ ಎಂದು ಕಲಿಸುವುದೂ ಇವರೇ, ಮೆಲ್ಲಗೆ ಹೇಳಿದ್ದು ಕೇಳಿಸಲಿಲ್ಲ ಎನ್ನುವುದೂ ಇವರೇ.

“ನಾನು ಹೋದ್ಮೇಲೆ ನೀನೂ ಆ ಹಾಡೋ ಡಬ್ಬಾನೂ ಇಬ್ಬರೇ ಇರ್ತೀರೇನೇ?” ಎಂದಳು ಅವ್ವ. ಕಣ್ಣು ತುಂಬಿತ್ತು. ಆ ಮಾತಿನಲ್ಲಿ ಮೋಸವಿರಲಿಲ್ಲ. ಅವಳಿಗೆ ಇರುವ ಭಯ ಅದೊಂದೇ. ಆ ಭಯಕ್ಕೆ ಅವಳು ತೆತ್ತದ್ದು ನನ್ನನ್ನು.

ಸಂಜೆ ಪೆಟ್ಟಿಗೆಗಳನ್ನು ನೆಲದ ಮೇಲಿಟ್ಟು ಸ್ಪೀಕರ್ ಜೋಡಿಸಿದೆ. ಒಂದು ರೆಕಾರ್ಡ್ ಹಾಕಿದೆ. ಕೆಟ್ಟದಾಗಿ ಹಾಡಿದ್ದರೆ ಎಷ್ಟು ಸುಲಭವಿತ್ತು! ಚೆನ್ನಾಗಿ ಹಾಡಿತು. ನನ್ನ ಲೆಕ್ಕಕ್ಕಿಂತ ಹೆಚ್ಚಿನ ಗಾಳಿ ಒಳಗಿದ್ದರೂ ಪಿಟೀಲು ಪಿಟೀಲಿನ ಹಾಗೆಯೇ ಕೇಳಿಸಿತು. ಅವ್ವ ಬಾಗಿಲಿಗೆ ಒರಗಿ, “ನೋಡು, ಹೊಂದ್ಕಂಡ್ರೆ ಎಲ್ಲಾ ಚೆನ್ನಾಗೇ ಇರ್ತದೆ” ಎಂದಳು.

ಹಾಡು ಮುಗಿಯುವವರೆಗೆ ಕೂತಿದ್ದೆ. ಆಮೇಲೆ ಸ್ಕ್ರೂ ಬಿಚ್ಚಿ ಎರಡು ಸ್ಪೀಕರನ್ನೂ ಹೊರಗೆ ತೆಗೆದೆ.

ಮರುದಿನ ಬೆಳಿಗ್ಗೆ ಜಟಕಾ ಕರೆಸಿದೆ. ಪೆಟ್ಟಿಗೆಗಳಿಗೆ ಅದೇ ಗೋಣಿ ಸುತ್ತಿ, ಮೇಲೊಂದು ರಟ್ಟಿನ ಚೂರು ಕಟ್ಟಿದೆ. ಅದರ ಮೇಲೆ ಆತನ ಹೆಸರು, ಹೊಳಲ್ಕೆರೆ, ಮತ್ತು ಎರಡು ಸಾಲು. “ಇವು ನಿಮ್ಮ ಹೆಸರಿಗೆ ಕೂಡಿಸಿದ ಪೆಟ್ಟಿಗೆಗಳು. ನನ್ನ ಗೂಡಿಗೆ ಹೊಂದುವುದಿಲ್ಲ.” ಕೆಳಗೆ ನನ್ನ ಹೆಸರು, ಪೂರ್ತಿಯಾಗಿ.

ಅವ್ವ ಹೊಸ್ತಿಲಲ್ಲಿ ನಿಂತು, “ಮರ್ಯಾದೆ ಹೋಗ್ತದೆ ಕಣೇ” ಎಂದಳು. ಮೆಲ್ಲಗೆ ಅಂದಳು. ಮೆಲ್ಲಗೆ ಅಂದದ್ದು ನನಗೂ ಕೇಳಿಸಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಗೋಣಿಯನ್ನು ತಟ್ಟಿ ನೋಡಿದ. “ಏನೈತೆ ಮೇಡಂ ಇದ್ರಾಗೆ?”

“ಏನೂ ಇಲ್ಲ.”

“ಖಾಲಿ ಪೆಟ್ಟಿಗೆಗೆ ಲಗೇಜ್ ಕಟ್ಟಿ ಕಳ್ಸೋರನ್ನ ಇವತ್ತೇ ನೋಡಿದ್ದು!”

“ಕಳಿಸುವ ಕಾಲ ಬಂತು, ಏರಿಸಿ” ಎಂದೆ. ಜೋರಾಗಿಯೇ ಹೇಳಿರಬೇಕು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬಸ್ಸು ಹೋದಮೇಲೆ ಕಾಲೇಜಿಗೆ ಇನ್ನೂ ಹೊತ್ತಿತ್ತು. ನಡೆದು ಸಂತೆ ಬೀದಿಗೆ ಹೋದೆ. ಮರದ ಕೆಳಗೆ ಮಡಕೆ ಹರಡಿಕೊಂಡು ಕೂತಿದ್ದ ಮುದುಕಿಗೆ ಎರಡು ಮಡಕೆ ಬೇಕು ಎಂದೆ.

“ಬಾಯಿ ಎಷ್ಟಗಲ ಇರ್ಬೇಕು ತಾಯಿ?”

“ಎಂಟಿಂಚು.”

ಅವಳು ಹೆಬ್ಬೆರಳು ಕಿರುಬೆರಳು ಅಗಲಿಸಿ, “ಇಷ್ಟಾ?” ಎಂದಳು. ಟೇಪು ತೆಗೆದು ಅವಳ ಗೇಣಿಗೆ ಹಿಡಿದೆ. ಸರಿಯಾಗಿತ್ತು.

ಎರಡನ್ನೂ ಬೆರಳಿನಿಂದ ಬಾರಿಸಿ ತೋರಿಸಿ ನನ್ನ ಕೈಗೆ ಕೊಟ್ಟಳು. ಯಾರ ಹೆಸರಿಗೆ ಎಂದು ಕೇಳಲಿಲ್ಲ.