ತೂತಿಲ್ಲದ ಕಾಲು

ಅವನನ್ನು ಹೆಸರು ಹಿಡಿದು ಕರೆಯುವವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಕೊಡಲಿ ಮೇಸ್ತ್ರಿ. ಮರಗೆಲಸದವನಾದರೂ ಆ ಬಿರುದು ಬಂದದ್ದು ಕೈಯಿಂದಲ್ಲ, ನಾಲಿಗೆಯಿಂದ. ಅಂಗಳದಲ್ಲಿಡುವ ಕುರ್ಚಿ ಮಾಡಿಸಲು ಬಂದವರು "ಇದಕ್ಕಿಂತ ಅಗ್ಗದ ಮರದಲ್ಲಿ ಆಗಲ್ವಾ?" ಎಂದರೆ ಸಾಕು, "ಆಗುತ್ತೆ. ಜೊತೇಗೆ ಒಂದು ಸೌದೆ ಒಲೇನೂ ತಗೊಂಡುಬಿಡಿ, ಎರಡು ಮಳೆ ಆದ್ಮೇಲೆ ಬೇಕಾಗುತ್ತೆ" ಎಂದು ಬಾಗಿಲು ತೋರಿಸುತ್ತಿದ್ದ. ಬೈಸಿಕೊಂಡವರೇ ಮತ್ತೆ ಅವನ ಬಳಿ ಬರುತ್ತಿದ್ದರು. ಏನು ಮಾಡುವುದು, ಅವನು ಮಾಡಿದ ಬೆಂಚು ಬಿಸಿಲು ಮಳೆ ಯಾವುದಕ್ಕೂ ಜಗ್ಗುತ್ತಿರಲಿಲ್ಲ.

ನಾಲಿಗೆಯ ಹರಿತವೆಲ್ಲ ಮೀಸಲಿದ್ದದ್ದು ಮಾತ್ರ ಒಡಹುಟ್ಟಿದ ತಮ್ಮನಿಗೆ. ತಮ್ಮ ವೆಲ್ಡಿಂಗ್ ಮಾಡುವವನು. ಇಬ್ಬರದೂ ಅಪ್ಪ ಬಿಟ್ಟುಹೋದ ಒಂದೇ ಶೆಡ್ಡು. ಅಣ್ಣ ವರ್ಷಗಟ್ಟಲೆ ನೆರಳಲ್ಲಿಟ್ಟು ಒಣಗಿಸಿದ್ದ ತೇಗದ ಹಲಗೆಗಳು ತಮ್ಮನ ಕಡೆಯಿಂದ ಹಾರಿದ ಕಿಡಿಗೆ ಕರಕಲಾದ ದಿನ ಶೆಡ್ಡಿನ ನಡುವೆ ತಗಡಿನ ಗೋಡೆ ಎದ್ದಿತು. "ಹಲಗೆ ತಾನೇ, ಮನೆ ಸುಡಲಿಲ್ವಲ್ಲ" ಅಂದಿದ್ದ ತಮ್ಮ. ಆ ಮಾತನ್ನು ಅಣ್ಣ ನುಂಗಲೂ ಇಲ್ಲ, ಉಗುಳಲೂ ಇಲ್ಲ. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂದು ಬೀದಿಯವರು ಅವನ ಎದುರಿಗೇ ಹೇಳಿ ನಗುತ್ತಿದ್ದರು.

ಇಬ್ಬರ ನಡುವೆ ಹುಟ್ಟಿದವಳೊಬ್ಬಳಿದ್ದಳು, ಮೇಸ್ತ್ರಿಗೆ ತಂಗಿ, ತಮ್ಮನಿಗೆ ಅಕ್ಕ. ಹೆಂಡತಿ ತೀರಿಕೊಂಡ ಮೇಲೆ ಮೇಸ್ತ್ರಿಯನ್ನು "ಊಟ ಆಯ್ತಾ" ಎಂದು ಕೇಳುವ ಜೀವ ಅವಳೊಬ್ಬಳೇ. ಮಧ್ಯಾಹ್ನ ಡಬ್ಬಿ ಹಿಡಿದು ಬಂದು, ಮರದ ಹೊಟ್ಟು ಸರಿಸಿ ಕೂತರೆ, ಅವನು ಉಂಡು ಮುಗಿಸುವ ತನಕ ಏಳುತ್ತಿರಲಿಲ್ಲ. ಅವನು ಅವಳ ಮೇಲೂ ಸಿಡುಕುತ್ತಿದ್ದ. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳು ಬರುವುದು ತಡವಾದರೆ ಮಾತ್ರ ಅವನಿಗೆ ಉಳಿ ಹಿಡಿದ ಕೈ ಓಡುತ್ತಿರಲಿಲ್ಲ. ಅದನ್ನು ಅವಳಿಗೆ ಹೇಳುವಷ್ಟು ಒಳ್ಳೆಯ ಬಾಯಿ ಅವನಿಗಿರಲಿಲ್ಲ.

ಅವಳು ಆಸ್ಪತ್ರೆಯ ಎದುರು ಚಹಾದಂಗಡಿ ಇಟ್ಟಳು. ಒಳಗೆ ಒಲೆಗಷ್ಟೇ ಜಾಗ. ಕೂರುವವರು ಮುಂದಿನ ಬಯಲಲ್ಲೇ ಕೂರಬೇಕು.

"ಒಂದು ಬೆಂಚು ನೀನು ಮಾಡು, ಇನ್ನೊಂದು ಅವನು ಮಾಡ್ಲಿ" ಅಂದಳು ಅಣ್ಣನಿಗೆ.

"ಬಯಲಲ್ಲಿ ಕಬ್ಬಿಣ ಇಡ್ತೀಯಾ? ಬೇಸಿಗೇಲಿ ಕಾದ ಕಾವಲಿ ಮೇಲೆ ಕೂತ ಹಾಗೆ ಎದ್ದು ಓಡ್ತಾರೆ ಜನ."

"ಮೇಲೆ ನೆರಳಿಗೆ ಬಟ್ಟೆ ಕಟ್ಟಿಸ್ತೀನಿ. ನನಗೆ ಇಬ್ರೂ ಬೇಕು ಅಣ್ಣ."

ಮೇಸ್ತ್ರಿ ತೇಗದ ಒಳಗಿನ ಗಟ್ಟಿ ಚೇಗನ್ನಷ್ಟೇ ಆರಿಸಿದ, ಹೊರಗಿನ ಬಿಳಿಮರವನ್ನು ಮುಟ್ಟಲಿಲ್ಲ. ನೀರು ನಿಲ್ಲದಂತೆ ಪಟ್ಟಿಗಳ ನಡುವೆ ಸಂದು ಬಿಟ್ಟ, ಪಾಲಿಶ್ ಹಚ್ಚಲಿಲ್ಲ. ತಮ್ಮ ತಂದದ್ದು ಕಬ್ಬಿಣದ ಪೈಪಿನದು, ಥಳಥಳ ಹೊಳೆಯುವ ನೀಲಿ. ಅಣ್ಣನ ಬೆಂಚನ್ನು ನೋಡಿ ಅವನು ಗಾಳಿಗೆ ಹೇಳುವವನಂತೆ, "ಕೆಲವರು ಬಣ್ಣಕ್ಕೂ ಜಿಪುಣತನ ಮಾಡ್ತಾರಕ್ಕ" ಅಂದ.

"ಹೆಣಕ್ಕೆ ಸಿಂಗಾರ ಮಾಡಿದ್ರೆ ಎದ್ದು ಕೂರಲ್ಲ ಅಂತ ಹೇಳಮ್ಮ ಅವನಿಗೆ" ಅಂದ ಅಣ್ಣ.

ತಮ್ಮ ಅತ್ತ ಹೋದದ್ದೇ, ಮೇಸ್ತ್ರಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ ನೀಲಿ ಬೆಂಚಿನ ಅಡಿ ನೋಡಿದ. ಪೈಪಿನ ಕಾಲುಗಳ ತುದಿಗೆ ರಬ್ಬರ್ ಮುಚ್ಚಳ ಬಿಗಿದಿತ್ತು; ನೀರು ಹೊರಹೋಗಲು ಒಂದು ತೂತೂ ಇರಲಿಲ್ಲ. ಮೇಲಿನ ಸ್ಕ್ರೂ ಸಂದಿಯಿಂದ ಇಳಿದ ಮಳೆನೀರು ಕಾಲಿನೊಳಗೇ ನಿಂತು, ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಹೇಳಿದ್ದರೆ ತಮ್ಮ ಅಲ್ಲೇ ಡ್ರಿಲ್ ತಂದು ಸರಿಮಾಡುತ್ತಿದ್ದ. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತುಟಿ ಪಿಟಕ್ಕೆನ್ನದೆ ಎದ್ದು ನಿಂತ.

ಮಳೆಗಾಲ ಕಳೆಯಿತು. ತೇಗದ ಬೆಂಚು ಬೂದುಬಣ್ಣಕ್ಕೆ ತಿರುಗಿತು. ಬಯಲಲ್ಲಿ ತೇಗ ತಿರುಗುವುದೇ ಹಾಗೆ, ಗಟ್ಟಿತನಕ್ಕೇನೂ ಕೊರತೆಯಾಗುವುದಿಲ್ಲ. ಗಿರಾಕಿಗಳಿಗೆ ಅದೆಲ್ಲ ಯಾಕೆ? ಹಳೆಯದೆಂದು ಮೂಗು ಮುರಿದು ನೀಲಿಯ ಮೇಲೆ ಒತ್ತೊತ್ತಾಗಿ ಕೂತರು.

"ಒಂದು ಕೈ ಪಾಲಿಶ್ ಹೊಡೀತೀಯಾ ಅಣ್ಣ? ಜನ ಕೂರ್ತಾ ಇಲ್ಲ" ಅಂದಳು ತಂಗಿ.

"ತಲೆ ನರೆತವರನ್ನೆಲ್ಲ ಸ್ಮಶಾನಕ್ಕೆ ಕಳಿಸ್ತಾರಾ ನಿನ್ನ ಗಿರಾಕಿಗಳು?" ಎಂದು ಉರಿದುಬಿದ್ದ.

ಆಮೇಲೆ ದಿನವೂ ಸಂಜೆ ಚಹಾಕ್ಕೆ ಹೋಗತೊಡಗಿದ. ಹೋದಾಗಲೆಲ್ಲ ನೀಲಿ ಬೆಂಚಿನ ಕಾಲನ್ನು ಬೆರಳ ಗೆಣ್ಣಿನಿಂದ ತಟ್ಟುವನು. ಠಣ್ ಎನ್ನುತ್ತಿದ್ದದ್ದು ಬರಬರುತ್ತ ಮಂಕಾಯಿತು. ಯಾರಾದರೂ ದಪ್ಪ ಗಿರಾಕಿ ಕೂತಾಗ ಮುರಿಯಬೇಕು, ತಮ್ಮನ ಮಾನ ಬಯಲಲ್ಲಿ ಬೀಳಬೇಕು ಎಂದು ಅವನ ಆಸೆ. ದ್ವೇಷಕ್ಕೆ ಕಣ್ಣಿದ್ದರೂ ಒಂದೇ ಕಡೆಗೆ. ಬೇರೆ ಯಾರು ಯಾರು ಅಲ್ಲಿ ಕೂರುತ್ತಾರೆಂದು ಅವನು ಯೋಚಿಸಲಿಲ್ಲ.

ಮರುವರ್ಷದ ಮಳೆ ನಿಂತ ಮೇಲೆ ಒಂದು ಬೆಳಗ್ಗೆ ತಂಗಿ ಲೋಟ ತೊಳೆದು, ಕಾಲು ನೋವೆಂದು ನೀಲಿ ಬೆಂಚಿನ ಮೇಲೆ ಕೂತಳು. ಬೆಂಚಿನ ಕಾಲು ಮಡಿಚಿಕೊಂಡು ಬೆಂಚು ಮಗುಚಿತು. ಅವಳ ಮುಂಗೈ ಮೂಳೆ ಮುರಿಯಿತು, ಸೊಂಟಕ್ಕೂ ಪೆಟ್ಟಾಯಿತು.

ಸುದ್ದಿ ಕೇಳಿ ಓಡಿಬಂದ ಮೇಸ್ತ್ರಿ ಮೊದಲು ಹೋದದ್ದು ಆಸ್ಪತ್ರೆಗಲ್ಲ, ಬೆಂಚಿನ ಬಳಿಗೆ. ಮುರಿದ ಕಾಲನ್ನು ಕಿತ್ತುಕೊಂಡೇ ವಾರ್ಡಿಗೆ ಬಂದ. ಕೈಗೆ ಪಟ್ಟಿ ಹಾಕಿಸಿಕೊಂಡು ತಂಗಿ ಮಲಗಿದ್ದಳು, ತಮ್ಮ ಪಕ್ಕದಲ್ಲಿ ತಲೆತಗ್ಗಿಸಿ ಕೂತಿದ್ದ. ಮೇಸ್ತ್ರಿ ಬೆಂಚಿನ ಕಾಲನ್ನು ನೆಲಕ್ಕೆ ಕುಕ್ಕಿದ. ಕೆಂಪು ತುಕ್ಕು ಉದುರಿತು.

"ಮೇಲೆ ಥಳುಕು, ಒಳಗೆ ಹುಳುಕು. ನೋಡು ನಿನ್ನ ತಮ್ಮನ ಕೆಲಸ."

"ತೂತು ಹಾಕೋದು ಮರೆತೆ ಅಕ್ಕ" ಅಂದ ತಮ್ಮ.

"ಮರೆತನಂತೆ. ತಂದಿಟ್ಟ ದಿನಾನೇ ನಾನು ಬಗ್ಗಿ ನೋಡಿದ್ದೆ, ಒಂದು ಕಾಲಿಗೂ ತೂತಿಲ್ಲ ಅಂತ."

ಮೇಸ್ತ್ರಿಗೆ ಅಷ್ಟು ಹೊತ್ತೂ ಗೆದ್ದವನ ಹುಮ್ಮಸ್ಸಿತ್ತು. ತಂಗಿ ಮುಖ ತಿರುಗಿಸಿ ನೋಡಿದಾಗ ಅದು ಇಳಿಯಿತು.

"ತಂದಿಟ್ಟ ದಿನಾನೇ ಗೊತ್ತಿತ್ತಾ?"

ಅವನು ಕೈಯಲ್ಲಿದ್ದ ಬೆಂಚಿನ ಕಾಲನ್ನು ಗೋಡೆಗೆ ಒರಗಿಸಿಟ್ಟ.

"ಬಿಡುವಾದಾಗೆಲ್ಲ ನಾನು ಅದರ ಮೇಲೇ ಕೂರ್ತಿದ್ದೆ ಅಣ್ಣ. ನೀನು ಎದುರಿಗೆ ಕೂತು ಚಹಾ ಕುಡೀತಿದ್ದೆ."

ತಪ್ಪಾಯಿತು ಎನ್ನಲು ಅವನಿಗೆ ಬರುತ್ತಿರಲಿಲ್ಲ, ಜನ್ಮದಲ್ಲೇ ಅಂದವನಲ್ಲ. "ನಾಳೆ ನಿನಗೆ ಊಟ ನಾನೇ ತರ್ತೀನಿ" ಅಂದ.

"ಬೇಡ" ಅಂದಳು ತಂಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅದರಲ್ಲಿ ಏನಾದ್ರೂ ಬಿದ್ದಿದ್ರೆ, ನೋಡಿದ್ರೂ ನೀನು ಹೇಳಲ್ಲ."