ಆಂಟಿಯ ಹೆಸರಿನ ಒಂಬತ್ತು ಊಟ

ನನ್ನ ಅಂಡಾಶಯದಲ್ಲಿ ಏಳು ಸೆಂಟಿಮೀಟರ್‌ನ ಸಿಸ್ಟ್, ಅಂದರೆ ನೀರುಗುಳ್ಳೆ, ಇದೆ ಎಂದು ತಿಳಿದಾಗ ಆಪರೇಷನ್‌ಗೆ ಇನ್ನೂ ಹತ್ತೊಂಬತ್ತು ದಿನವಿತ್ತು. ಕ್ಯಾನ್ಸರ್ ಇರಬಹುದೇ ಎಂದು ಹೆದರಿದಾಗಲೆಲ್ಲ ಡೈರಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಮೊದಲ ವಾರಕ್ಕೇ ಅರವತ್ತೆರಡು ಗೆರೆಗಳಾದವು.

ಅಮೆರಿಕದ ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಆಂಟಿಗೆ ಮಾತ್ರ ವಿಷಯ ಹೇಳಿದ್ದೆ. ಅವರು "ಪಾಪ, ಇನ್ನು ಅವಳಿಗೆ ಮಕ್ಕಳಾಗಲ್ವಂತೆ" ಎಂದು ಸೇರಿಸಿ ಹಂಚಿದರು. ಒಂಬತ್ತು ಮನೆಯವರು ನನಗೆ ಸಮಾಧಾನ ಹೇಳಲು ಫೋನ್ ಮಾಡಿದರು. ಆ ಒಂಬತ್ತನ್ನೂ ಬರೆದಿಟ್ಟುಕೊಂಡೆ.

ಇಲ್ಲಿನ ನಮ್ಮ ಕನ್ನಡದವರಲ್ಲಿ ಯಾರಿಗಾದರೂ ಆಪರೇಷನ್ ಇದ್ದರೆ ವಾಟ್ಸ್ಯಾಪ್ ಗುಂಪಿನಲ್ಲಿ ಊಟದ ಪಟ್ಟಿ ಬರುತ್ತದೆ. ಆಮೇಲೆ ಅವರ ಮನೆಗೆ ಅಡುಗೆ ಕಳಿಸುವವರು ತಮ್ಮ ದಿನದ ಎದುರು ಹೆಸರು ಬರೆಯಬೇಕು. ನನ್ನ ಪಟ್ಟಿ ಬಂದ ಕೂಡಲೇ ಸತತ ಒಂಬತ್ತು ದಿನಕ್ಕೆ ಆಂಟಿಯ ಹೆಸರನ್ನು ನಾನೇ ತುಂಬಿದೆ. ಗುಂಪಿನವರೆಲ್ಲ ಅವರ ದೊಡ್ಡ ಮನಸ್ಸನ್ನು ಹೊಗಳಿದರು.

ಆಂಟಿಯ ಫೋನ್ ಬಂತು. "ಏನಮ್ಮಾ ಇದು, ಒಂಬತ್ತು ದಿನಾನೂ ನಾನೇನಾ?"

"ಒಂಬತ್ತು ಮನೆಗೆ ಹೇಳಿದ್ರಲ್ಲ ಆಂಟಿ, ಮನೆಗೊಂದು ದಿನ. ಮೊದಲನೇ ದಿನ ಬೆಂಡೆಕಾಯಿ ಹುಳಿ ಮಾಡಿ, ಖಾರ ಕಮ್ಮಿ ಇರ್ಲಿ."

ಅವರು ಫೋನ್ ಇಟ್ಟರು. ಆಪರೇಷನ್‌ಗೆ ಇನ್ನೂ ನಾಲ್ಕು ದಿನವಿತ್ತು, ಭಯವೂ ಇತ್ತು. ಆದರೆ ಅಂದು ಡೈರಿಯಲ್ಲಿ ಬಿದ್ದದ್ದು ಎರಡೇ ಗೆರೆ.