ಉಪ್ಪಿಟ್ಟು ತಿಂದು ಹೋದ ಅಭ್ಯರ್ಥಿ

ಯಜಮಾನರನ್ನು ಆಫೀಸಿಗೂ ಮಗಳನ್ನು ಸ್ಕೂಲ್ ಬಸ್ಸಿಗೂ ಕಳಿಸಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದೆ. ಆಗ ಅಮೆರಿಕದ ನಮ್ಮ ರಾಕ್‌ವಿಲ್ ಮನೆಯ ಬೆಲ್ ಆಯಿತು.

ಹೊರಗೆ ನಿಂತಿದ್ದವರು ಒಬ್ಬ ಅಭ್ಯರ್ಥಿ. ಹಳೆಯ ಸಂಸದರು ನಿವೃತ್ತರಾಗಿ ಸೀಟು ಖಾಲಿಯಾಗಿತ್ತು. ಟಿಕೆಟ್ಟಿಗೆ ಪಕ್ಷದೊಳಗೇ ಐದು ಜನರ ಪೈಪೋಟಿ, ಅದು ಯಾರಿಗೆಂದು ಆರಿಸಲು ಮರುದಿನವೇ ಜನರ ಮತದಾನ. ಕೈಕುಲುಕಲು ಬಂದವರು ನನ್ನ ನಮಸ್ಕಾರ ಕಂಡು ತಾವೂ ಕೈಜೋಡಿಸಿದರು. ಕಂಕುಳಲ್ಲಿದ್ದ ಕರಪತ್ರಗಳೆಲ್ಲ ಕೆಳಗೆ ಬಿದ್ದವು. ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡಿ, ಹೇಳದೆಯೇ ಬೂಟು ಬಿಚ್ಚಿದರು. ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ಅದನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡೇ, “ಒಂದೊಂದು ವೋಟೂ ಮುಖ್ಯ, ಮ್ಯಾಡಮ್” ಎಂದರು. ಅವರ ಹೆಸರು ಮರೆತಿದ್ದೇನೆ, ಆ ಹೆಬ್ಬೆರಳನ್ನು ಮರೆತಿಲ್ಲ.

ನಮ್ಮದಿನ್ನೂ ಗ್ರೀನ್ ಕಾರ್ಡು, ನನಗೆ ವೋಟಿಲ್ಲ ಎನ್ನಬೇಕಿತ್ತು. ಅದರ ಬದಲು ಉಪ್ಪಿಟ್ಟು ಕೊಟ್ಟೆ. ತುತ್ತಿಗೊಮ್ಮೆ ಅದೇ ಮಾತು. ಮೆಣಸಿನಕಾಯಿ ಸಿಕ್ಕಾಗ ಮಾತ್ರ ಅರ್ಧಕ್ಕೆ ನಿಲ್ಲಿಸಿ ನೀರು ಕುಡಿದರು. ಹೊರಡುವಾಗ ಪುಟ್ಟ ಪುಸ್ತಕದಲ್ಲಿ ನಮ್ಮ ಮನೆ ನಂಬರು ಬರೆದು ದೊಡ್ಡ ಟಿಕ್ ಹಾಕಿಕೊಂಡರು.

ಪಾಪ, ಒಂದೇ ವೋಟಿನಲ್ಲಿ ಸೋತರೆ? ನಿಜ ಮುಚ್ಚಿಡುವುದೂ ಸುಳ್ಳೇ ಎಂದು ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿದ್ದು ನೆನಪಾಗಿ, ಸಂಜೆ ಪಕ್ಕದ ಮನೆಗೆ ಓಡಿದೆ. ಅಲ್ಲಿದ್ದ ಮೈಸೂರಿನ ಆಂಟಿ ಎಂದೋ ಸಿಟಿಜನ್ ಆದವರು.

“ಆಂಟಿ, ನನ್ನ ಬದಲು ನೀವಾದ್ರೂ ಅವರಿಗೆ ವೋಟ್ ಮಾಡಿ, ಪ್ಲೀಸ್.”

ಆಂಟಿ ಬಟ್ಟೆ ಮಡಿಸುತ್ತಲೇ ಅಂದರು: “ನಾನೆಲ್ಲಿಂದ ಮಾಡ್ಲಮ್ಮ? ಆ ಮನುಷ್ಯನ ಕ್ಷೇತ್ರ ಆಚೆ ಸಿಗ್ನಲ್ ಹತ್ರಾನೇ ಮುಗಿದುಹೋಗತ್ತೆ. ನಮ್ಮನೇಲೂ ಮೂರು ದೋಸೆ ತಿಂದು ಟಿಕ್ ಹಾಕ್ಕೊಂಡು ಹೋದ.”